ವಿಸಿಟ್ ವೀಸಾ ಮೇಲೆ ಕೆಲಸಕ್ಕೆ ಹೋದರೆ ದೇಶಗಳ ಒಪ್ಪಂದ ಕಾಪಾಡುತ್ತಾ?

ತಮ್ಮಾ, ಹಾವೇರಿಯಿಂದ ದುಬೈಗೆ ವಿಸಿಟ್ ವೀಸಾ, ಅಲ್ಲಿ ಹೋಗಿ ಕೆಲಸದ ವೀಸಾ, ಹೇಗಿದ್ದರೂ ಎರಡು ದೇಶಗಳ ನಡುವೆ ಒಪ್ಪಂದ ಇದೆಯಲ್ಲ ಅಂತ ಬರೆದಿದ್ದೀಯ. 2017ರಲ್ಲಿ ನಾನೂ ಇದೇ ಲೆಕ್ಕ ಹಾಕಿ ಬೆಟಗೇರಿ ಬಿಟ್ಟೆ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪನ ಮಗ್ಗ ನಿಂತಿತ್ತು, ನಾನು ವೆಲ್ಡಿಂಗ್ ಕಲಿತಿದ್ದೆ. ಹುಬ್ಬಳ್ಳಿಯ ಏಜೆಂಟನೊಬ್ಬ 85,000 ಕೇಳಿದ. ಅವ್ವನ ಬೋರಮಾಳ ಅಡ ಇಟ್ಟೆ. "ಏರ್‌ಪೋರ್ಟಿನ್ಯಾಗ ಕೇಳಿದ್ರ ಕಾಕಾನ ಮನಿಗೆ ಹೊಂಟೀನಿ ಅನ್ನು" ಎಂದ. ಮುಂಬೈ ಕೌಂಟರಿನಲ್ಲಿ ಹಾಗೇ ಹೇಳಿದೆ. ನನಗೆ ಕಾಕಾನೇ ಇಲ್ಲ.

ಆ ಸುಳ್ಳು ಏನು ಮಾಡಿತು ಅಂತ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್, ಅಂದರೆ ಎಮಿಗ್ರೇಷನ್ ತಪಾಸಣೆ ಬೇಕಾದದ್ದು. ಅವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ನಮ್ಮ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಅದು ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಆಗುತ್ತದೆ. ಅಲ್ಲಿ ಮಾಲೀಕ ಯಾರು, ಸಂಬಳ ಎಷ್ಟು, ಕರಾರು ಏನು, ಎಲ್ಲ ದಾಖಲಾಗುತ್ತದೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷದ ವಿಮೆ ಇದೆ. ಏಜೆಂಟ್ 30,000 ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ಕಾಕಾನ ಮನೆಗೆ ಹೊರಟವನಿಗೆ ಇದ್ಯಾವುದನ್ನೂ ಯಾರೂ ಕೇಳಲಿಲ್ಲ. ಕ್ಲಿಯರೆನ್ಸ್ ಇಲ್ಲದೆ ಪಾರಾದೆ ಅಂತ ನಾನು ವಿಮಾನದಲ್ಲಿ ಖುಷಿಪಟ್ಟೆ, ನೋಡು.

ಶಾರ್ಜಾದಲ್ಲಿ ನಾಲ್ಕು ತಿಂಗಳು ಸಂಬಳ ಬರಲಿಲ್ಲ. ದೂರು ಬರೆಸಲು ಟೈಪಿಂಗ್ ಸೆಂಟರಿಗೆ ಹೋದೆ. ಮಲಯಾಳಿ ಹುಡುಗ ಕೀಬೋರ್ಡ್ ಮೇಲೆ ಬೆರಳಿಟ್ಟು, "ಲೇಬರ್ ಕಾರ್ಡ್ ನಂಬರ್?" ಎಂದ. ಇಲ್ಲ ಎಂದೆ. "ಆಫರ್ ಲೆಟರ್?" ಅದೂ ಇಲ್ಲ. ಬೆರಳು ತೆಗೆದು ಚಹಾದ ಲೋಟ ಎತ್ತಿಕೊಂಡ. ಅವನದೇನು ತಪ್ಪು? ಕಾಗದದಲ್ಲಿ ನಾನು ವೆಲ್ಡರ್ ಅಲ್ಲ, ವೀಸಾ ಮುಗಿದ ಪ್ರವಾಸಿ. 2018ರ ಫೆಬ್ರುವರಿಯಲ್ಲಿ ಭಾರತ ಮತ್ತು ಯುಎಇ ಕಾರ್ಮಿಕರ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದಾಗ ನಾನು ಅಲ್ಲೇ ಇದ್ದೆ, ಪೊಲೀಸರಿಗೆ ಕಾಣದಂತೆ.

ಅದೇ ವರ್ಷ ಆಗಸ್ಟಿನಲ್ಲಿ ಅಲ್ಲಿನ ಸರ್ಕಾರ ವೀಸಾ ಮುಗಿದವರಿಗೆ ಕ್ಷಮಾದಾನ ಕೊಟ್ಟು, ಆಮೇಲೆ ವರ್ಷದ ಕೊನೆಯವರೆಗೂ ವಿಸ್ತರಿಸಿತು. ದಂಡ ಕಟ್ಟದೆ ಹೊರಬಂದೆ. ಗದಗ ಸ್ಟೇಷನ್ನಿನಲ್ಲಿ ಇಳಿದದ್ದು ಡಿಸೆಂಬರ್. ಆ ತಿಂಗಳೇ ಮೊರಾಕ್ಕೊ ದೇಶದ ಮರಾಕೇಶ್‌ನಲ್ಲಿ ವಲಸೆಯ ಜಾಗತಿಕ ಒಪ್ಪಂದ ಆಯಿತು. ವಿಶ್ವಸಂಸ್ಥೆಯಲ್ಲಿ ಭಾರತವೂ ಸೇರಿ 152 ದೇಶಗಳು ಅದರ ಪರ ಮತ ಹಾಕಿದವು. 23 ಗುರಿಗಳಲ್ಲಿ ಆರನೆಯದೇ ಮೋಸವಿಲ್ಲದ ನೇಮಕಾತಿ. ಅದನ್ನು ಪಾಲಿಸಲೇಬೇಕು ಅನ್ನುವ ಕಾನೂನಿನ ಕಟ್ಟು ಯಾವ ದೇಶಕ್ಕೂ ಇಲ್ಲ ಅಂತ ಅದರಲ್ಲೇ ಬರೆದಿದೆ ಅನ್ನೋದು ಬೇರೆ ಮಾತು.

ಹಾಗಾಗಿ ಒಪ್ಪಂದ ಗಟ್ಟಿ ಇದೆಯಾ ಅಂತ ಕೇಳುವುದೇ ತಪ್ಪು. ಗಟ್ಟಿಯೇ ಇರಲಿ, ನೀನು ಕೆಲಸಗಾರ ಅಂತ ಯಾವ ಕಾಗದ ಹೇಳುತ್ತದೆ? ಅಲ್ಲಿ ಹೋಗಿ ವೀಸಾ ಬದಲಿಸಿಕೊಂಡವರೂ ಇದ್ದಾರೆ, ಸುಳ್ಳಲ್ಲ. ನಮ್ಮ ರೂಮಿನ ಹನ್ನೊಂದು ಜನರಲ್ಲಿ ಇಬ್ಬರು.

ಗಲ್ಫ್ ಬೇಡ ಅನ್ನುತ್ತಿಲ್ಲ. ಈ ಏಜೆಂಟ್ ಬೇಡ. ಅವನ ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯಾ ಹುಡುಕು, ದುಡ್ಡಿಗೆ ರಸೀದಿ ಕೇಳಿ ಅವನ ಮುಖ ನೋಡು. ಅಂದಹಾಗೆ, ನಿನ್ನ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಇದೆಯಾ? ನೋಡಿ ಹೇಳು.