ಎಲೆಯಾಕಾರದ ಬಳೆಯಿಂದ ಊದಿದರೂ ಗುಳ್ಳೆ ಗುಂಡಗೇ ಬರುತ್ತೆ

ಪ್ರಶ್ನೆ: ಬಿದಿರಿನ ಹಿಡಿಕೆ, ತುದಿಯಲ್ಲಿ ಕಾಫಿ ಎಲೆಯ ಆಕಾರದ ಬಳೆ, ಜೊತೆಗೆ ಅಂಟುವಾಳದ ನೀರು ತುಂಬಿದ ಡಬ್ಬಿ. ಇಂಥದ್ದೊಂದು ಗುಳ್ಳೆ ಊದುವ ಆಟಿಕೆ ಮಾಡಿದ್ದೇನೆ. ಊರು ಪೊನ್ನಂಪೇಟೆ. ನಾನೇ ಪೇಟೆಂಟ್ ಅರ್ಜಿ ಹಾಕಿ ಎರಡು ವರ್ಷದ ಮೇಲಾಯ್ತು. ಈಗ ಮೊದಲ ಪರೀಕ್ಷಾ ವರದಿ ಬಂದಿದೆ. ಹೊಸತನ ಇಲ್ಲ, ಇನ್ವೆಂಟಿವ್ ಸ್ಟೆಪ್ ಇಲ್ಲ ಅಂತ ಮೂರು ಹಳೆಯ ದಾಖಲೆ ತೋರಿಸಿದ್ದಾರೆ. ಮೂರರಲ್ಲಿ ಒಂದರಲ್ಲೂ ಕಾಫಿ ಎಲೆ ಇಲ್ಲ! ಮತ್ತೆ ಹೇಗೆ ತಿರಸ್ಕರಿಸಿದರು? ಕಟ್ಟಿದ ದುಡ್ಡು ಹೋಯ್ತಾ? ಆಕಾರಕ್ಕಾದರೂ ಹಕ್ಕು ಸಿಗುತ್ತಾ?

ಉತ್ತರ:

ತಿರಸ್ಕಾರ ಇನ್ನೂ ಆಗಿಲ್ಲ. ಅದು ಆಕ್ಷೇಪಗಳ ಪಟ್ಟಿ, ತೀರ್ಪಲ್ಲ. ಮೊದಲ ವರದಿಯಲ್ಲಿ ಒಂದೂ ಆಕ್ಷೇಪ ಇಲ್ಲದೆ ಪಾಸಾದ ಅರ್ಜಿಯನ್ನು ನಾನಂತೂ ಬಹಳ ಕಮ್ಮಿ ನೋಡಿದ್ದೀನಿ. ಬೆಂಗಳೂರಲ್ಲಿ ಹನ್ನೊಂದು ವರ್ಷ ಇಂಥ ವರದಿಗಳಿಗೆ ಉತ್ತರ ಬರೆಯೋದೇ ನನ್ನ ಹೊಟ್ಟೆಪಾಡಾಗಿತ್ತು. ಈಗ ನಾಪೋಕ್ಲು ಹತ್ತಿರ ಅಪ್ಪನ ತೋಟ ನೋಡಿಕೊಂಡು, ಕರೆಂಟ್ ಇದ್ದಾಗ ಅದೇ ಕೆಲಸ ಮಾಡ್ತೀನಿ.

ನೀವು ಪ್ರಶ್ನೆಯ ಕೆಳಗೆ ಹಾಕಿರುವ ಮೊದಲ ಕ್ಲೈಮ್, ಅಂದರೆ ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳುವ ವಾಕ್ಯ, ಓದಿದೆ. ಕನ್ನಡಕ್ಕೆ ತಂದರೆ ಹೀಗಿದೆ: ಹಿಡಿಕೆಯೊಂದು, ಅದರ ತುದಿಗೆ ಎಲೆಯಾಕಾರದ ಬಳೆಯೊಂದು, ಸಸ್ಯಜನ್ಯ ದ್ರಾವಣ ತುಂಬಿದ ಡಬ್ಬಿಯೊಂದು ಇರುವ ಗುಳ್ಳೆ ಊದುವ ಸಾಧನ. ಅರ್ಜಿ ಪರೀಕ್ಷಿಸುವ ಅಧಿಕಾರಿ, ಅಂದರೆ ಎಕ್ಸಾಮಿನರ್, ನೋಡೋದು ಈ ವಾಕ್ಯವನ್ನು ಮಾತ್ರ. ನಿಮ್ಮ ಆಟಿಕೆಯನ್ನು ಅವರು ಕೈಯಲ್ಲಿ ಹಿಡಿದಿಲ್ಲ, ಊದಿಲ್ಲ, ಅದನ್ನು ಕಂಡು ನಿಮ್ಮ ಮಗು ಕುಣಿದದ್ದೂ ಅವರಿಗೆ ಗೊತ್ತಿಲ್ಲ. ವಾಕ್ಯವನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡೂ ಹಳೆಯ ದಾಖಲೆಯಲ್ಲಿ ಎಲ್ಲಿದೆ ಅಂತ ಎದುರಿಗೆ ಬರೆದುಕೊಂಡು ಹೋಗ್ತಾರೆ. ಹಿಡಿಕೆ, ಇದೆ. ಬಳೆ, ಇದೆ. ಡಬ್ಬಿ, ಇದೆ. ನಿಮ್ಮ ವರದಿಯ ಎರಡನೇ ದಾಖಲೆಯಲ್ಲಿ ನಕ್ಷತ್ರದಾಕಾರದ ಬಳೆ ಇದೆ ಅಂತ ನೀವೇ ಬರೆದಿದ್ದೀರಿ. ಉಳಿದದ್ದು ಎಲೆ ಒಂದೇ.

ನಿಮ್ಮ ಸಿಟ್ಟಿಗೆ ಅರ್ಧ ನ್ಯಾಯ ಇದೆ. ಹೊಸತನ ಇಲ್ಲ ಅನ್ನಬೇಕಾದರೆ ಕ್ಲೈಮ್‌ನಲ್ಲಿರುವ ಎಲ್ಲವೂ ಒಂದೇ ದಾಖಲೆಯಲ್ಲಿ ಸಿಗಬೇಕು. ಅದರಲ್ಲಿಷ್ಟು ಇದರಲ್ಲಿಷ್ಟು ಸೇರಿಸಿ ಹೊಸತನ ತೆಗೆದುಹಾಕೋ ಹಾಗಿಲ್ಲ. ಎಲೆ ಯಾವುದರಲ್ಲೂ ಇಲ್ಲದಿದ್ದರೆ ಆ ಆಕ್ಷೇಪಕ್ಕೆ ಎರಡು ಪ್ಯಾರಾದಲ್ಲಿ ಉತ್ತರ ಕೊಡಬಹುದು. ನಿಜವಾದ ತೊಡಕು ಎರಡನೆಯ ಆಕ್ಷೇಪ. ಇನ್ವೆಂಟಿವ್ ಸ್ಟೆಪ್‌ಗೆ ದಾಖಲೆಗಳನ್ನು ಒಟ್ಟು ಸೇರಿಸಿ ನೋಡಬಹುದು, ಆ ಕಸುಬು ಬಲ್ಲವನಿಗೆ ಇದು ತಾನಾಗಿ ಹೊಳೆಯುತ್ತಿತ್ತಾ ಅಂತ ಕೇಳಬಹುದು. ನಮ್ಮ ಕಾಯ್ದೆ, ಅಂದರೆ 1970ರ ಪೇಟೆಂಟ್ ಕಾಯ್ದೆ, ಇಲ್ಲಿ ತಾಂತ್ರಿಕ ಮುನ್ನಡೆಯನ್ನೋ ಆರ್ಥಿಕ ಮಹತ್ವವನ್ನೋ ಕೇಳುತ್ತೆ, ಜೊತೆಗೆ ಬಲ್ಲವನಿಗೆ ಅದು ಸುಲಭಕ್ಕೆ ಹೊಳೆಯುವಂಥದ್ದಾಗಿರಬಾರದು ಅನ್ನುತ್ತೆ. ನಕ್ಷತ್ರದ ಬದಲು ಎಲೆ ಮಾಡಿದರೆ ತಾಂತ್ರಿಕವಾಗಿ ಏನು ಮುಂದೆ ಹೋಯ್ತು?

ನಿಮ್ಮ ಬಳೆಯಿಂದಲೇ ಊದಿ ನೋಡಿ. ಅಂಚು ಬಿಡುವ ಗಳಿಗೆಯಲ್ಲಿ ಗುಳ್ಳೆ ಒಂದು ಕ್ಷಣ ಅಂಕುಡೊಂಕಾಗಿ ತೊನೆಯುತ್ತೆ, ಮರುಕ್ಷಣ ಗುಂಡಗಾಗುತ್ತೆ. ಸೋಪಿನ ಪೊರೆ ತನ್ನನ್ನು ತಾನು ಎಷ್ಟು ಸಾಧ್ಯವೋ ಅಷ್ಟು ಕುಗ್ಗಿಸಿಕೊಳ್ಳುತ್ತೆ. ಒಳಗಿರುವಷ್ಟು ಗಾಳಿಯನ್ನು ಕಮ್ಮಿ ಮೈಯಲ್ಲಿ ಸುತ್ತುವ ಆಕಾರ ಗೋಳ ಒಂದೇ. ನಕ್ಷತ್ರ, ಹೃದಯ, ಎಲೆ, ಆನೆ, ಯಾವ ಬಳೆಯಿಂದ ಊದಿದರೂ ಅಷ್ಟೇ. ಅಂದರೆ ಎಲೆಯಾಕಾರ ಕಣ್ಣಿಗೆ ಸಂಬಂಧಪಟ್ಟದ್ದು, ಗುಳ್ಳೆಗೆ ಸಂಬಂಧವೇ ಇಲ್ಲ. ಕಣ್ಣಿಗೆ ಸಂಬಂಧಪಟ್ಟದ್ದಕ್ಕೆ ನಮ್ಮಲ್ಲಿ ಬೇರೆಯೇ ಕಾನೂನಿದೆ, 2000ದ ಡಿಸೈನ್ ಕಾಯ್ದೆ. ನೀವು ಹೋಗಬೇಕಾಗಿದ್ದ ಬಾಗಿಲು ಅದು. ಪೇಟೆಂಟ್ ವಿಷಯಕ್ಕೆ ಕರ್ನಾಟಕದವರು ಚೆನ್ನೈ ಕಚೇರಿಯ ಲೆಕ್ಕಕ್ಕೆ ಬರುತ್ತೇವೆ, ಡಿಸೈನ್ ಪರೀಕ್ಷೆ ನಡೆಯೋದು ಕೋಲ್ಕತ್ತಾದಲ್ಲಿ. ಒಬ್ಬರಿಗೆ ಅರ್ಜಿ ಶುಲ್ಕ 1000 ರೂಪಾಯಿ. ಸಿಕ್ಕಿದರೆ 10 ವರ್ಷ, ಮುಂದೆ 5 ವರ್ಷ ವಿಸ್ತರಿಸಿಕೊಳ್ಳಬಹುದು.

ಹಾಗಾದ್ರೆ ಈಗಲೇ ಡಿಸೈನ್ ಅರ್ಜಿ ಹಾಕ್ತೀನಿ ಅಂತ ಹೊರಟಿರಾ? ನಿಲ್ಲಿ. ಬೇಜಾರಿನ ಸುದ್ದಿ ಇಲ್ಲೇ ಇರೋದು. ಪೇಟೆಂಟ್ ಅರ್ಜಿಯನ್ನು ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟಿಸ್ತಾರೆ, ಪ್ರಕಟವಾದ ಮೇಲೇ ಪರೀಕ್ಷೆಗೆ ಕಳಿಸ್ತಾರೆ. ನಿಮ್ಮ ಕೈಗೆ ವರದಿ ಬಂದಿದೆ ಅಂದರೆ ನಿಮ್ಮ ಚಿತ್ರಗಳು ಆಗಲೇ ಲೋಕಕ್ಕೆ ಬಿದ್ದಿವೆ. ಡಿಸೈನ್ ಹೊಸದಾಗಿರಬೇಕು, ಅರ್ಜಿಗೆ ಮುಂಚೆ ಎಲ್ಲೂ ಬಹಿರಂಗವಾಗಿರಬಾರದು. ಆ ಚಿತ್ರದಲ್ಲಿ ಎಲೆಬಳೆಯ ರೂಪ ಪೂರ್ತಿ ಕಾಣುವಂತಿದ್ದರೆ ಅದು ನಿಮಗೇ ಅಡ್ಡ ಬರುತ್ತೆ. ಪ್ರಶ್ನೆಯ ಜೊತೆ ನೀವು ಫೋಟೋ ಬೇರೆ ಹಾಕಿದ್ದೀರಿ! ಅದನ್ನು ಅಳಿಸಿ ಅನ್ನೋಣ ಅಂದುಕೊಂಡೆ, ಆದರೆ ಅಳಿಸಿದರೂ ಈಗ ಏನೂ ಬದಲಾಗಲ್ಲ. ಮುಂದೆ ಬೇರೆ ರೂಪ ಮಾಡಿದರೆ ಮೊದಲು ಡಿಸೈನ್ ಅರ್ಜಿ, ಆಮೇಲೆ ಫೋಟೋ.

ಇದರಲ್ಲಿ ನಾನೇನು ಜಾಣ ಅಂತಲ್ಲ. ನಮ್ಮ ಮನೆಯಲ್ಲೇ ಈ ಪೆಟ್ಟು ತಿಂದಿದ್ದೇವೆ. ದೊಡ್ಡಪ್ಪನ ಮಗ ಕುಶಾಲನಗರದಲ್ಲಿ ಕಾಫಿ ಪಲ್ಪರ್ ರಿಪೇರಿಯ ವರ್ಕ್‌ಶಾಪ್ ಇಟ್ಟಿದ್ದಾನೆ. ಅವನ ಮಗಳಿಗೆ ಗುಳ್ಳೆ ಊದುವ ಹುಚ್ಚು. ಊದಿದಷ್ಟೂ ಸೋಪಿನ ನೀರು ಹಿಡಿಕೆಗುಂಟ ಇಳಿದು ಮೊಣಕೈವರೆಗೆ ಅಂಗಿಯ ತೋಳು ಒದ್ದೆ. ಮಳೆಗಾಲದಲ್ಲಿ ಬಟ್ಟೆ ಒಣಗೋದು ನಮ್ಮ ಕಡೆ ಎಂಥ ಪಾಡು ಅಂತ ನಿಮಗೆ ಹೇಳಬೇಕಿಲ್ಲ. ಅತ್ತಿಗೆ ಬೈಯೋದು ತಡೆಯಲಾರದೆ ಅಣ್ಣ ಒಂದು ಉಪಾಯ ಮಾಡಿದ. ಬಳೆಯ ಕೆಳಗೆ ಬಟ್ಟಲಿನಂಥ ಕುಳಿ, ಅದರೊಳಗೆ ಓರೆಯಾದ ಕಾಲುವೆ, ಹಿಡಿಕೆ ಟೊಳ್ಳು. ಸೋರಿದ ನೀರು ಕಾಲುವೆ ಹಿಡಿದು ಹಿಡಿಕೆಯ ಒಳಗಿಂದ ವಾಪಸ್ ಡಬ್ಬಿಗೆ. ನೋಡೋಕೆ ಥೇಟ್ ಸಂಪಿಗೆ ಮೊಗ್ಗಿನ ಹಾಗಿತ್ತು. ಚೆಂದ ಕಂಡಿತಲ್ಲ, ಮಗಳು ಊದುವ ವಿಡಿಯೋ ಮಾಡಿ ಊರಿಗೆಲ್ಲ ಕಾಣುವ ಹಾಗೆ ಹಾಕಿಬಿಟ್ಟ. ನನಗೆ ಫೋನ್ ಮಾಡಿದ್ದು ಮೂರು ವಾರ ಆದಮೇಲೆ.

"ಡಿಸೈನ್ ಹೋಯ್ತು ಅಣ್ಣ" ಅಂದೆ.

"ಕೋಲ್ಕತ್ತಾದವರು ನನ್ನ ವಿಡಿಯೋ ನೋಡ್ತಾರೇನೋ?"

ಅವರು ನೋಡದೇ ಇರಬಹುದು. ಆದರೆ ನಾಳೆ ಯಾರೋ ನಕಲು ಹೊಡೆದು, ನೀನು ಕೇಸ್ ಹಾಕಿದ ದಿನ, ಎದುರಿನವನು ಮಾಡುವ ಮೊದಲ ಕೆಲಸವೇ ಆ ವಿಡಿಯೋ ಹುಡುಕಿ ನೋಂದಣಿ ರದ್ದು ಮಾಡಿಸೋದು. ಡಿಸೈನ್ ಕಾಯ್ದೆಯ 19ನೇ ಸೆಕ್ಷನ್ ಇರೋದೇ ಅದಕ್ಕೆ. ಹಾಗಂತ ಹೇಳಿದ್ದಕ್ಕೆ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದ.

ಆದರೆ ವಿಡಿಯೋದಲ್ಲಿ ಕಂಡದ್ದು ಹೊರಗಿನ ಮೊಗ್ಗು ಮಾತ್ರ, ಒಳಗಿನ ಕಾಲುವೆ ಕಂಡಿರಲಿಲ್ಲ. ಒಂದನ್ನೂ ಮಾರಿರಲಿಲ್ಲ, ಯಾರೂ ಬಿಚ್ಚಿ ನೋಡಿರಲಿಲ್ಲ. ಪೇಟೆಂಟ್‌ಗೆ ಅಷ್ಟು ಸಾಕಾಯ್ತು, ಅರ್ಜಿ ಹಾಕಿದೆವು. ವರದಿಯಲ್ಲಿ ಮೊದಲ ದಾಖಲೆಯಾಗಿ ಸೋಪಿನ ಗುಳ್ಳೆಯ ಆಟಿಕೆ ಬಂತು, ಎರಡನೆಯದಾಗಿ ಗೋಡೆಗೆ ಬಣ್ಣ ಬಳಿಯುವ ಬ್ರಷ್‌ಗೆ ಸಿಕ್ಕಿಸುವ ತಟ್ಟೆ. ಎರಡೂ ಸೇರಿಸಿದರೆ ನಿಮ್ಮದೇ ತಾನೇ ಅಂತ ಎಕ್ಸಾಮಿನರ್ ಪ್ರಶ್ನೆ. ನಾವು ಹೇಳಿದ್ದು ಇಷ್ಟು: ಬ್ರಷ್‌ನ ತಟ್ಟೆ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತೆ, ವಾಪಸ್ ಕಳಿಸಲ್ಲ. ಕಳಿಸುವ ಓರೆಗಾಲುವೆ ಎರಡರಲ್ಲೂ ಇಲ್ಲ, ಬೇಕು ಅನ್ನುವ ಸುಳಿವೂ ಇಲ್ಲ. ಕ್ಲೈಮನ್ನು ಆ ಕಾಲುವೆಗೆ ಕಟ್ಟಿಹಾಕಿ ಕಿರಿದು ಮಾಡಿದೆವು. ವಿಚಾರಣೆ ವಿಡಿಯೋ ಕಾಲ್‌ನಲ್ಲೇ ನಡೆಯಿತು. ತೀರ್ಮಾನ ಕೊಡುವ ಅಧಿಕಾರಿ, ಕಂಟ್ರೋಲರ್, ಕೇಳಿದ್ದು ಒಂದೇ ಪ್ರಶ್ನೆ, ಮಗು ಬಳೆಯನ್ನು ಕೆಳಮುಖ ಮಾಡಿ ಹಿಡಿದರೆ? ಅಣ್ಣ ತೋರಿಸ್ತೀನಿ ಸಾರ್ ಅಂತ ಉತ್ಸಾಹದಲ್ಲಿ ಬಗ್ಗಿಸಿ ನನ್ನ ಲ್ಯಾಪ್‌ಟಾಪ್ ಮೇಲೆ ಸೋಪಿನ ನೀರು ಚೆಲ್ಲಿದ. ಓರೆಯ ಕೋನಕ್ಕೆ ಒಂದು ಮಿತಿ ಬರೆದ ಮೇಲೆ ಪೇಟೆಂಟ್ ಬಂತು. ಲ್ಯಾಪ್‌ಟಾಪ್‌ನ ಸ್ಪೇಸ್ ಬಾರ್ ಈಗಲೂ ಅಂಟುತ್ತೆ.

ನಿಮ್ಮ ವಿಷಯಕ್ಕೆ ಬರ್ತೀನಿ. ಅರ್ಜಿಯ ವಿವರಣೆ ತೆಗೆದು, ಎಲೆ ಅನ್ನುವ ಪದ ಬಿಟ್ಟು, ಬಳೆ ಏನು ಕೆಲಸ ಮಾಡುತ್ತೆ ಅಂತ ಎಲ್ಲೆಲ್ಲಿ ಬರೆದಿದ್ದೀರೋ ಅಲ್ಲೆಲ್ಲ ಗೆರೆ ಎಳೆಯಿರಿ. ಫೋಟೋದಲ್ಲಿ ಎಲೆಗೆ ನಡುನರ ಇದೆ, ಅದು ಪೊರೆಯನ್ನು ಎರಡು ಪಾಲು ಮಾಡುತ್ತೆ. ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳೂ ಕಾಣುತ್ತವೆ. ಗೀರು ದ್ರಾವಣ ಹಿಡಿದಿಟ್ಟುಕೊಳ್ಳುತ್ತೆ ಅನ್ನೋದು ಹಳೇ ಸಂಗತಿ, ಅಂಗಡಿಯ ಹತ್ತು ರೂಪಾಯಿ ಡಬ್ಬಿಯ ಬಳೆಯಲ್ಲೂ ಇದೆ, ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಆದರೆ ನಡುನರದಲ್ಲಿ ಕಾಲುವೆ ಕೊರೆದು ಅಲ್ಲಿಂದ ಅಂಚಿಗೆ ನೀರು ಹರಿಯುವ ಹಾಗೆ ಮಾಡಿದ್ದು ನಿಜವಾದರೆ, ಒಮ್ಮೆ ಅದ್ದಿದರೆ ಹೆಚ್ಚು ಗುಳ್ಳೆ ಬಂದರೆ, ಅದು ಮಾತಾಡುವಂಥ ವಿಷಯ. ಷರತ್ತು ಒಂದೇ, ಅದು ವಿವರಣೆಯಲ್ಲಿ ಮೊದಲೇ ಇರಬೇಕು. ಪೇಟೆಂಟ್ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಈಗ ಹೊಸ ವಿಷಯ ತುರುಕೋ ಹಾಗಿಲ್ಲ, ಇದ್ದದ್ದನ್ನು ಇಟ್ಟುಕೊಂಡು ಕ್ಲೈಮ್ ಕಿರಿದು ಮಾಡಬಹುದು ಅಷ್ಟೇ. ಬರೆದೇ ಇಲ್ಲ ಅಂದರೆ ನನ್ನ ಅಭಿಪ್ರಾಯ ಕೇಳಿದರೆ ಈ ಅರ್ಜಿಗೆ ಇನ್ನು ದುಡ್ಡು ಸುರಿಯಬೇಡಿ.

ನಿಮ್ಮ ಅರ್ಜಿಯಲ್ಲಿ ಗುಳ್ಳೆ ಹೆಚ್ಚು ಹೊತ್ತು ಉಳಿಯುತ್ತೆ ಅಂತಲೂ ಬರೆದಿದ್ದೀರಿ. ಯಾವ ತಿಂಗಳಲ್ಲಿ ಊದಿ ನೋಡಿದ್ದು? ಜುಲೈಯಲ್ಲಿ ಪೊನ್ನಂಪೇಟೆಯ ಜಗಲಿಯಲ್ಲಿ ಯಾರ ಗುಳ್ಳೆಯಾದರೂ ಉಳಿಯುತ್ತೆ, ಗಾಳಿಯಲ್ಲೇ ಅಷ್ಟು ನೀರಿದ್ದಾಗ ಪೊರೆ ಬೇಗ ಆರಲ್ಲ. ಅದೇ ಬಳೆ ಏಪ್ರಿಲ್‌ನ ಮೈಸೂರಿಗೆ ಒಯ್ದು ಊದಿ. ಅಂಕಿ ಕೊಡೋದಾದರೆ ಅದೇ ದಿನ, ಅದೇ ದ್ರಾವಣ, ಪಕ್ಕದಲ್ಲಿ ಅಷ್ಟೇ ಅಗಲದ ದುಂಡು ಬಳೆ ಇಟ್ಟು ಎಣಿಸಿ.

ಅಂಟುವಾಳವನ್ನು ಕ್ಲೈಮ್‌ನಿಂದ ತೆಗೆದುಬಿಡಿ. ಪಾರಂಪರಿಕ ಜ್ಞಾನವನ್ನೋ, ಹಿಂದಿನಿಂದ ಗೊತ್ತಿರುವ ಗುಣಗಳ ಜೋಡಣೆಯನ್ನೋ ಆವಿಷ್ಕಾರ ಅನ್ನೋ ಹಾಗಿಲ್ಲ ಅಂತ 3ನೇ ಸೆಕ್ಷನ್ನಿನ ಪಿ ಉಪವಿಧಿ ಇದೆ. ಅಂಟುವಾಳದ ನೊರೆ ನಮ್ಮಜ್ಜಿ ರೇಷ್ಮೆ ಸೀರೆ ತೊಳೆದದ್ದು. ಪಪ್ಪಾಯಿ ಎಲೆಯ ತೊಟ್ಟು ಕತ್ತರಿಸಿ ಅದೇ ನೊರೆಯಲ್ಲಿ ಅದ್ದಿ ನಾವು ಊದಿದ್ದೇವೆ. ಬೇಲಿಯ ಕಾಡುಹರಳಿನ ತೊಟ್ಟು ಮುರಿದು, ಅದರ ಹಾಲಿನ ಪೊರೆಗೆ ಊದಿ ಬಣ್ಣಬಣ್ಣದ ಗುಳ್ಳೆ ಬಿಟ್ಟಿದ್ದೇವೆ, ಸೋಪೇ ಬೇಕಿರಲಿಲ್ಲ. (ಅದರ ಬೀಜ ವಿಷ, ಮಕ್ಕಳಿಗೆ ಈಗ ಹೇಳಿಕೊಡಬೇಡಿ.) ಇನ್ನು ಪಿಯರ್ಸ್ ಸೋಪಿನ ಜಾಹೀರಾತಾದ ಇಂಗ್ಲಿಷ್ ಚಿತ್ರಕಾರ ಮಿಲೈಯವರ ಚಿತ್ರದಲ್ಲಿ ಹುಡುಗ ಕೊಳವೆ ಹಿಡಿದು ಗುಳ್ಳೆ ಬಿಟ್ಟು ಮೇಲೆ ನೋಡ್ತಾ ಕೂತದ್ದು 1886ರಲ್ಲಿ. ಇಷ್ಟು ಹಳೆಯ ಆಟದಲ್ಲಿ ಅಗಲವಾದ ಕ್ಲೈಮ್ ಯಾರಿಗೂ ಸಿಗಲ್ಲ. ಅಂಟುವಾಳ ಉಳಿಸಿಕೊಂಡರೆ ಜೀವವೈವಿಧ್ಯ ಪ್ರಾಧಿಕಾರದ ಕಾಗದವೂ ಕೇಳ್ತಾರೆ, ಅದು ಇನ್ನೊಂದು ತಲೆನೋವು.

ದುಡ್ಡಿನ ಲೆಕ್ಕ. ಅರ್ಜಿಗೆ 1600, ಪರೀಕ್ಷೆಗೆ 4000 ಕಟ್ಟಿರ್ತೀರಿ. ವರದಿ ಬರುವ ಮುಂಚೆ ಅರ್ಜಿ ವಾಪಸ್ ಪಡೆದಿದ್ದರೆ ಪರೀಕ್ಷಾ ಶುಲ್ಕದಲ್ಲಿ ಶೇ. 90ರವರೆಗೆ ಬರ್ತಿತ್ತು, ಈಗ ಬರಲ್ಲ. ವರದಿಗೆ ಉತ್ತರ ಕೊಡೋಕೆ ಸರ್ಕಾರಿ ಶುಲ್ಕ ಇಲ್ಲ, ಪೇಟೆಂಟ್ ಏಜೆಂಟರ ಫೀಸು ಬೇರೆ. ಏಜೆಂಟರ ಹತ್ತಿರ ಹೋಗುವ ಮುಂಚೆ ಒಂದು ಸಂಜೆ ನೀವೇ ಹುಡುಕಿ. ಸೋಪಿನ ಗುಳ್ಳೆಯ ಆಟಿಕೆಗಳಿಗೆ ಅಂತಲೇ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಒಂದು ಗೂಡಿದೆ, ಎ63ಎಚ್ 33/28. ಗೂಗಲ್ ಪೇಟೆಂಟ್ಸ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ಹಾಕಿದರೆ ಜಗತ್ತಿನ ಗುಳ್ಳೆಯೆಲ್ಲ ಬಂದು ಬೀಳುತ್ತೆ. ಭಾರತದ್ದಕ್ಕೆ ಪೇಟೆಂಟ್ ಕಚೇರಿಯ ಇನ್‌ಪಾಸ್ ಅನ್ನೋ ಹುಡುಕುವ ತಾಣ ಇದೆ. ಅರ್ಜಿಗೆ ಮುಂಚೆ ಈ ಕೆಲಸ ಮಾಡಿದ್ದರೆ ಕಾಫಿ ಎಲೆಯನ್ನು ಯಾವ ಬಾಗಿಲಿಗೆ ಒಯ್ಯಬೇಕಿತ್ತು ಅಂತ ನಿಮಗೇ ಗೊತ್ತಾಗ್ತಿತ್ತು.

ನೀವು ಕೇಳದ ಒಂದು ಮಾತು: ಪೇಟೆಂಟ್ ಸಿಕ್ಕರೂ ಮಾರೋಕೆ ಅದು ಪರವಾನಗಿ ಅಲ್ಲ. 2021ರ ಜನವರಿಯಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿದ್ದಕ್ಕೆ ವಿನಾಯಿತಿ ಇದೆ. ಬಿದಿರಿನ ಕೆಲಸ ನೀವೇ ಕೈಯಾರೆ ಮಾಡ್ತಿದ್ದರೆ ಆ ದಾರಿ ವಿಚಾರಿಸಿ. ಮಡಿಕೇರಿ ದಸರಾಕ್ಕೆ ಮಾರಬೇಕು ಅಂತ ಬರೆದಿದ್ದೀರಲ್ಲ, ಆ ಲೆಕ್ಕದಲ್ಲಿ ಪೇಟೆಂಟ್‌ಗಿಂತ ಇದೇ ಅವಸರದ್ದು.

ವರದಿ ಕಳಿಸಿದ ತಾರೀಖನ್ನು ನೀವು ಎಲ್ಲೂ ಬರೆದಿಲ್ಲ. ಅಲ್ಲಿಂದ 6 ತಿಂಗಳೊಳಗೆ ಉತ್ತರ ಹೋಗಬೇಕು. ಆ 6 ತಿಂಗಳು ಮುಗಿಯುವ ಮುಂಚೆ ಫಾರಂ 4 ಹಾಕಿ ಶುಲ್ಕ ಕಟ್ಟಿದರೆ ಇನ್ನೂ 3 ತಿಂಗಳು ಸಿಗುತ್ತೆ. ಸುಮ್ಮನೆ ಕೂತರೆ ಅರ್ಜಿ ಕೈಬಿಟ್ಟಿದ್ದೀರಿ ಅಂತಲೇ ಲೆಕ್ಕ. ಇವತ್ತು ಆ ತಾರೀಖು, ನಡುನರದ ಬಗ್ಗೆ ವಿವರಣೆಯಲ್ಲಿ ಬರೆದ ಸಾಲುಗಳು, ಎರಡನ್ನೂ ಕೆಳಗೆ ಹಾಕಿ. ಇಲ್ಲಿ ಮಳೆ ಹಿಡಿದಿದೆ, ಕರೆಂಟ್ ಬಂದ ಕೂಡಲೇ ನೋಡ್ತೀನಿ.