ಧರ್ಮನಿಂದನೆಗೆ ಒಂದೇ ಅಳತೆಗೋಲು ಇದೆಯೇ?

ಪ್ರಶ್ನೆ: ಎಲ್ಲ ಧರ್ಮದವರೂ ಒಪ್ಪುವ ಹಾಗೆ ಧರ್ಮನಿಂದನೆಗೆ ಒಂದು ವ್ಯಾಖ್ಯೆ ಕೊಡಬಹುದೇ?

ಉತ್ತರ: ಮತ್ತೆ ಅದೇ ಪ್ರಶ್ನೆ! ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಇರುತ್ತದೆ: ಅವರು ಆಡಿದರೆ ನಿಂದನೆ, ನಾವು ಆಡಿದರೆ ವಿಮರ್ಶೆ. ಈ ಸಲ ಉದ್ದಕ್ಕೇ ಹೇಳಿಬಿಡುತ್ತೇನೆ.

ಒಂದು ಧರ್ಮದ ಒಳಗೆ ವ್ಯಾಖ್ಯೆ ಖಂಡಿತ ಸಾಧ್ಯ. ಯಹೂದಿಗಳ ಮಿಶ್ನಾ ಗ್ರಂಥದ ಪ್ರಕಾರ, ಹೀಬ್ರೂವಿನಲ್ಲಿ ನಾಲ್ಕು ಅಕ್ಷರದ, ಅತಿ ಪವಿತ್ರವಾದ ದೇವರ ಆ ಒಂದು ಹೆಸರನ್ನೇ ಬಾಯಿಬಿಟ್ಟು ಹೇಳಿದ್ದರೆ ಮಾತ್ರ ಅಪರಾಧ. ವಿಚಾರಣೆ ಉದ್ದಕ್ಕೂ ಸಾಕ್ಷಿಗಳು ಆ ಹೆಸರಿನ ಬದಲು ಬೇರೆ ಮಾತು ಬಳಸಬೇಕು. ಕೊನೆಗೆ ಎಲ್ಲರನ್ನೂ ಹೊರಗೆ ಕಳಿಸಿ, ಮುಖ್ಯ ಸಾಕ್ಷಿಯ ಬಾಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಹೇಳಿಸುತ್ತಾರೆ. ಅದನ್ನು ಕೇಳಿ ನ್ಯಾಯಾಧೀಶರು ಎದ್ದು ನಿಂತು ದುಃಖದ ಗುರುತಾಗಿ ಬಟ್ಟೆ ಹರಿದುಕೊಳ್ಳುತ್ತಾರೆ. ಎಷ್ಟು ಕರಾರುವಾಕ್ಕು ನೋಡಿ! ಆದರೆ ಹೊರಗಿನವನಿಗೆ ಆ ಹೆಸರು ಬರೀ ನಾಲ್ಕು ಅಕ್ಷರ.

ಗಡಿ ದಾಟಿದರೆ ಇನ್ನೂ ಕಷ್ಟ. ಯೇಸು ದೇವರ ಮಗ ಎನ್ನುವುದು ಕ್ರೈಸ್ತರ ನಂಬಿಕೆಯ ಬುನಾದಿ. ದೇವರಿಗೆ ಮಗನಿದ್ದಾನೆ ಎನ್ನುವುದು ಇಸ್ಲಾಮಿನಲ್ಲಿ ಘೋರ ಪಾಪ. ಸೃಷ್ಟಿ ಮಾಡಿದ ದೇವರೇ ಇಲ್ಲ ಎನ್ನುತ್ತಾರೆ ಜೈನರು. ಇವರ್ಯಾರೂ ಯಾರನ್ನೂ ಬೈಯುತ್ತಿಲ್ಲ. ತಮ್ಮ ಪಾಠ ತಾವು ಹೇಳಿಕೊಳ್ಳುತ್ತಿದ್ದಾರೆ, ಅಷ್ಟೇ. ತಮ್ಮ ದೇವರುಗಳನ್ನು ಪೂಜಿಸದ ಆರಂಭದ ಕ್ರೈಸ್ತರನ್ನು ರೋಮನ್ನರು ನಾಸ್ತಿಕರು ಎಂದೇ ದೂರುತ್ತಿದ್ದರು.

‘ಹಾಗಾದರೆ ಭಕ್ತರಿಗೆ ಆದ ನೋವನ್ನು ಅಳೆಯೋಣ’ ಎನ್ನುತ್ತೀರಿ, ಅಲ್ವಾ? ಐರ್ಲೆಂಡ್ ಅದನ್ನೂ ಮಾಡಿ ನೋಡಿತು. ಅದರ 1937ರ ಸಂವಿಧಾನ ಧರ್ಮನಿಂದನೆ ಅಪರಾಧ ಎಂದಿತು, ಏನು ಎಂದು ಬಿಡಿಸಿ ಹೇಳಲಿಲ್ಲ. 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಈ ಅಪರಾಧ ಏನು ಎಂದು ಹೇಳಲು ಆಗದು ಎಂದು ಕೈಚೆಲ್ಲಿತು. 2009ರ ಕಾನೂನು ಹೊಸ ಅಳತೆ ತಂದಿತು. ಯಾವ ಧರ್ಮವಾದರೂ ಸರಿ, ಪವಿತ್ರವಾದುದನ್ನು ತೀರಾ ಹೀನಾಯವಾಗಿ ಅವಮಾನಿಸಿ, ಅದರ ಅನುಯಾಯಿಗಳಲ್ಲಿ ಬಹಳ ಜನರನ್ನು ಬೇಕೆಂದೇ ರೊಚ್ಚಿಗೆಬ್ಬಿಸಿರಬೇಕು. ದಂಡ 25,000 ಯೂರೊವರೆಗೆ. ಅಂದರೆ ಜಾಸ್ತಿ ಕೂಗಿದವರ ದೇವರಿಗೆ ರಕ್ಷಣೆ, ಸುಮ್ನೆ ಸಹಿಸಿಕೊಂಡವರ ದೇವರಿಗೆ ಏನೂ ಇಲ್ಲ! ಯಾರಿಗೂ ಶಿಕ್ಷೆಯಾಗಲಿಲ್ಲ. 2018ರಲ್ಲಿ ಜನ ಮತ ಹಾಕಿ ಆ ಪದವನ್ನೇ ಸಂವಿಧಾನದಿಂದ ತೆಗೆದರು.

ಮನುಷ್ಯರ ಮೇಲೆ ಹಗೆ, ಹಿಂಸೆಗೆ ಎತ್ತಿಕಟ್ಟುವುದನ್ನು ಗುರುತಿಸಬಹುದು. ಅದೂ ಸುಲಭವಲ್ಲ, ಆದರೆ ಅದಕ್ಕೆ ಯಾರ ದೇವರು ನಿಜ ಎಂದು ತೀರ್ಮಾನಿಸಬೇಕಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2011ರಲ್ಲಿ ಶಿಕ್ಷಿಸಬಹುದಾದ ಮಾತಿಗೆ ಗೆರೆ ಎಳೆದಿದ್ದು ಇಲ್ಲೇ. ಅದನ್ನು ಧರ್ಮನಿಂದನೆ ಎಂದು ಕರೆದು ಗೊಂದಲ ಮಾಡಬೇಡಿ.

ಪ್ರಶ್ನೆ: ನಿಂದನೆಯ ‘ಹತ್ತು ಲಕ್ಷಣ’ಗಳ ವಿಡಿಯೊ ನೋಡಿದೆ. ನಂಬಬಹುದಾ?

ಉತ್ತರ: ಆ ಮಹಾಶಯರ ಸ್ವಂತ ಪ್ರವಚನಕ್ಕೇ ಆ ಹತ್ತನ್ನೂ ಹಚ್ಚಿ ನೋಡಿ.

ಪ್ರಶ್ನೆ: ಕಷ್ಟ ಬಂದಾಗ ದೇವರನ್ನು ಬೈದೆ. ಪಾಪವಾ?

ಉತ್ತರ: ಬೈಬಲ್ಲಿನ ಯೋಬನೂ ದೇವರ ಜೊತೆ ಜಗಳಕ್ಕೆ ನಿಂತವನೇ. ಉಳಿದದ್ದು ನಿಮ್ಮ ಗುರುಗಳನ್ನು ಕೇಳಿ.

ಪ್ರಶ್ನೆ: ಒಂದು ಚಿತ್ರ ಕಳಿಸುತ್ತೇನೆ, ನಿಂದನೆ ಹೌದೋ ಅಲ್ಲವೋ ಹೇಳ್ತೀರಾ?

ಉತ್ತರ: ಇಲ್ಲ. ಬಂದರೆ ತೆರೆಯದೆ ಅಳಿಸುತ್ತೇನೆ. ನೀವೂ ಮುಂದಕ್ಕೆ ಕಳಿಸಬೇಡಿ.