ಗುಣವಾದ ಮೇಲೂ ಮಾತ್ರೆ ಏಕೆ?

ಬ್ರಹ್ಮಾವರದ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂದು ಕೋರಿ ಬರೆದಿದ್ದಾರೆ. ಅವರ ತಮ್ಮ ಬೈಪೋಲಾರ್ ಕಾಯಿಲೆಗೆ (ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ, ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ) ಮೂರು ವರ್ಷಗಳಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಈಗ ನೆಮ್ಮದಿಯಿಂದ ಕೆಲಸಕ್ಕೆ ಹೋಗಿ ಬರುತ್ತಿದ್ದಾರೆ. ‘ಇಷ್ಟು ಚೆನ್ನಾಗಿರುವವನಿಗೆ ಜೀವನಪೂರ್ತಿ ರಾಸಾಯನಿಕ ನುಂಗಿಸಬೇಕೇ? ಮದುವೆಯ ಮಾತುಕತೆಗೆ ಮೊದಲೇ ಮಾತ್ರೆ ಬಿಡಿಸಿ, ಉಪ್ಪಿಲ್ಲದ ಪಥ್ಯ ಮತ್ತು ಯೋಗದಿಂದ ನೋಡಬಾರದೇ?’ ಎಂಬುದು ಅವರ ಪ್ರಶ್ನೆ.

ತಮ್ಮನ ಮೇಲಿನ ನಿಮ್ಮ ಅಕ್ಕರೆ ಪತ್ರದ ಸಾಲುಸಾಲಿನಲ್ಲೂ ಕಾಣುತ್ತದೆ. ಆದ್ದರಿಂದಲೇ ನೇರವಾಗಿ ಹೇಳುತ್ತೇನೆ: ಅವರು ಚೆನ್ನಾಗಿರುವುದೇ ಆ ಮಾತ್ರೆಯಿಂದ. ನಿಮ್ಮ ಆತಂಕದಲ್ಲಿ ಹುರುಳಿಲ್ಲ ಎನ್ನಲಾರೆ. ಲಿಥಿಯಂನಿಂದ ಬಾಯಾರಿಕೆ, ಕೈನಡುಕ, ತೂಕದ ಹೆಚ್ಚಳ ಉಂಟಾಗಬಹುದು. ಥೈರಾಯ್ಡ್ ಗ್ರಂಥಿ ಮಂದವಾಗಬಹುದು. ಬಹುಕಾಲ ಸೇವಿಸಿದ ಕೆಲವರಲ್ಲಿ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಯೋಗವೂ ಹೊತ್ತಿಗೆ ಸರಿಯಾದ ನಿದ್ದೆಯೂ ಒಳ್ಳೆಯವೇ, ಆದರೆ ಅವು ಮಾತ್ರೆಯ ಜೊತೆಗಿರಬೇಕಾದವು.

ನನ್ನ ದೊಡ್ಡಪ್ಪ ಕಾರ್ಕಳದ ಸಮೀಪ ಶಾಲಾ ಮಾಸ್ತರರಾಗಿದ್ದರು. ಇದೇ ಕಾಯಿಲೆಗೆ ಇದೇ ಮಾತ್ರೆ ನುಂಗಿ, ಕೈ ನಡುಗಿ ಕಪ್ಪು–ಬಸಿ ಗಲಗಲ ಎನ್ನುತ್ತಿದ್ದುದರಿಂದ ದೊಡ್ಡಮ್ಮ ಅವರಿಗೆ ಸ್ಟೀಲಿನ ಲೋಟದಲ್ಲಿ, ಅದೂ ಅರ್ಧ ಮಾತ್ರ, ಚಹಾ ಕೊಡುತ್ತಿದ್ದರು. ನಾಲ್ಕು ವರ್ಷ ನೆಟ್ಟಗಿದ್ದವರಿಗೆ ಮನೆಯ ಹಿರಿಯರು ಕೂಡಿ ಮಾತ್ರೆ ಬಿಡಿಸಿದರು. ಕೈನಡುಕ ನಿಂತಿತು, ಎಲ್ಲರಿಗೂ ಸಂತೋಷವಾಯಿತು. ಮೂರನೆಯ ತಿಂಗಳಲ್ಲಿ ನಿದ್ದೆ ಎರಡು ಗಂಟೆಗೆ ಇಳಿಯಿತು; ನಡುರಾತ್ರಿಯಲ್ಲಿ ತೆಂಗಿನ ಬುಡಗಳಿಗೆ ನೀರು ಹೊಯ್ಯುತ್ತ, ತರಗತಿಯಲ್ಲಿ ನಿಂತವರಂತೆ ಗಟ್ಟಿಯಾಗಿ ಮಗ್ಗಿ ಹೇಳಿಸುತ್ತಿದ್ದರು. ಅದೇ ವಾರ ಅಡಿಕೆ ತೋಟವನ್ನು ಯಾರೋ ಕೇಳಿದ ಬೆಲೆಗೆ ಬರೆದುಕೊಟ್ಟರು. ಆಸ್ಪತ್ರೆಯಿಂದ ದೊಡ್ಡಪ್ಪ ಮರಳಿದರು, ತೋಟ ಮರಳಲಿಲ್ಲ. ಅಲ್ಲಿಯವರೆಗೆ ಅಕ್ಕಿ ಡಬ್ಬದ ಹಿಂದೆ ಅಡಗಿಸಿಡುತ್ತಿದ್ದ ಮಾತ್ರೆಗಳನ್ನು ದೊಡ್ಡಮ್ಮ ಅಂದಿನಿಂದ ಚಾವಡಿಯ ಗೂಡಿನಲ್ಲಿ, ಬಂದವರಿಗೆಲ್ಲ ಕಾಣುವಂತೆ ಇಟ್ಟರು.

ಇದು ನಮ್ಮೊಂದು ಮನೆಯ ಕಥೆಯಲ್ಲ. ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಉನ್ಮಾದದ ಹತ್ತು ರೋಗಿಗಳಿಗೆ ಲಿಥಿಯಂ ಕೊಟ್ಟು ಕಂಡ ಫಲವನ್ನು 1949ರಲ್ಲಿ ಪ್ರಕಟಿಸಿದರು. ಅವರ ಮೊದಲ ರೋಗಿ ಐದು ವರ್ಷಗಳಿಂದ ಉನ್ಮಾದದಲ್ಲೇ ಇದ್ದ 51ರ ವ್ಯಕ್ತಿ. ಗುಣಮುಖನಾಗಿ ಮನೆಗೂ ಕೆಲಸಕ್ಕೂ ಹಿಂತಿರುಗಿದ. ಗುಣವಾಯಿತೆಂದು ಔಷಧ ಬಿಟ್ಟು ಕೆಲವೇ ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದ; ಲಿಥಿಯಂ ಮತ್ತೆ ಶುರುವಾಯಿತು. ಆಗ ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ಅಳೆಯುವ ರೂಢಿಯಿರಲಿಲ್ಲ; 1950ರಲ್ಲಿ ಅದರ ಪ್ರಮಾಣ ಮಿತಿಮೀರಿ ಆತ ತೀರಿಕೊಂಡ. ಮಾತ್ರೆ ಬಿಡಬಾರದು, ರಕ್ತಪರೀಕ್ಷೆ ತಪ್ಪಿಸಬಾರದು ಎಂಬ ಎರಡೂ ಪಾಠಗಳನ್ನು ಆ ಒಬ್ಬನೇ ರೋಗಿ ಕಲಿಸಿ ಹೋದ. ಲಿಥಿಯಂ ಥಟ್ಟನೆ ನಿಲ್ಲಿಸಿದವರಲ್ಲಿ ಮೊದಲ ಕೆಲವು ತಿಂಗಳಲ್ಲೇ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಔಷಧವೂ ಇದೇ ಆದ್ದರಿಂದ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ನಿಲ್ಲಿಸಲೇಬೇಕಾದ ಕಾರಣವಿದ್ದರೆ ವೈದ್ಯರು ನಿಧಾನವಾಗಿ, ಹಂತಹಂತವಾಗಿ ಇಳಿಸುತ್ತಾರೆ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜಕ್ಕೂ ಹೆದರಿಸಿದ್ದು ಉಪ್ಪಿಲ್ಲದ ಪಥ್ಯ. ಮೂತ್ರಪಿಂಡವು ಉಪ್ಪಿನ ಸೋಡಿಯಂನಂತೆಯೇ ಲಿಥಿಯಂ ಅನ್ನೂ ನಡೆಸಿಕೊಳ್ಳುತ್ತದೆ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದಾಗ ಸೋಡಿಯಂ ಅನ್ನು ಹಿಡಿದಿಡುವ ಭರದಲ್ಲಿ ಲಿಥಿಯಂ ಅನ್ನೂ ಹಿಡಿದಿಟ್ಟು, ರಕ್ತದಲ್ಲಿ ಅದು ಏರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿ ನೀರು ಕುಡಿಯದಿದ್ದರೂ, ವಾಂತಿಭೇದಿಯಾದರೂ, ಏಕಾದಶಿಯೆಂದು ಹನಿ ನೀರೂ ಮುಟ್ಟದೆ ಉಪವಾಸವಿದ್ದರೂ ಇದೇ ಅಪಾಯ. ಬೆನ್ನುನೋವಿಗೆಂದು ಮೆಡಿಕಲ್‌ನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳಿಂದಲೂ ಪ್ರಮಾಣ ಏರುತ್ತದೆ. ಗಂಜಿ, ಉಪ್ಪಿನಕಾಯಿ ಎಂದಿನಂತಿರಲಿ. ಪಥ್ಯವನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿ.

ಮದುವೆಯ ವಿಚಾರದಲ್ಲಿ ನಿಮ್ಮನ್ನು ಸ್ವಲ್ಪ ಗದರಲೇಬೇಕಾಗಿದೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟದ ಮೇಜಿನ ಮೇಲಿಟ್ಟುಕೊಳ್ಳುವ ನಾವು ಇದನ್ನೇಕೆ ಅಡಗಿಸುತ್ತೇವೆ? ಹುಡುಗಿಯ ಮನೆಯವರಿಗೆ ಮೊದಲೇ ತಿಳಿಸಿ. ಬಚ್ಚಿಟ್ಟು ನಡೆಸಿದ ಮದುವೆಯಲ್ಲಿ ಮಾತ್ರೆ ತಪ್ಪುವುದು ಮೊದಲ ವಾರದಲ್ಲೇ. 1953ರಿಂದ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜಿದೆ ಎಂದು ಹೆಮ್ಮೆಪಡುವ ಈ ಜಿಲ್ಲೆಯಲ್ಲೂ ‘ಮರ್ಲ್’ (ತುಳುವಿನಲ್ಲಿ ಹುಚ್ಚು) ಎಂಬ ಒಂದೇ ಮಾತಿನಲ್ಲಿ ಮನುಷ್ಯನ ಕಥೆ ಮುಗಿಸುತ್ತೇವೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವ ನೂರರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ತಲುಪಿಲ್ಲ. ಮನೋರೋಗಕ್ಕೂ ಇತರ ಕಾಯಿಲೆಗಳಂತೆಯೇ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳಿದ್ದರೂ ಕೇಳಿ ಪಡೆಯುವವರು ವಿರಳ, ಏಕೆಂದರೆ ಅರ್ಜಿಯಲ್ಲಿ ಕಾಯಿಲೆಯ ಹೆಸರು ಬರೆಯಬೇಕಾಗುತ್ತದೆ. ಲಿಥಿಯಂ ಯಾರ ಪೇಟೆಂಟಿನಲ್ಲೂ ಇಲ್ಲದ ಅಗ್ಗದ ಲವಣ. ಅದರ ಪರವಾಗಿ ಜಾಹೀರಾತು ಕೊಟ್ಟು ಮಾತನಾಡುವ ಕಂಪನಿಯೂ ಇಲ್ಲ.

ತಮ್ಮನ ರಕ್ತಪರೀಕ್ಷೆಯ ದಿನ ದಾಟಿ ಎರಡು ತಿಂಗಳಾಯಿತೆಂದು ನೀವೇ ಬರೆದಿದ್ದೀರಿ. ಮೊದಲು ಅದನ್ನು ಮಾಡಿಸಿ. ರಾತ್ರಿಯ ಮಾತ್ರೆ ತೆಗೆದುಕೊಂಡು 12 ಗಂಟೆಯಾದ ಮೇಲೆ ರಕ್ತ ಕೊಡಬೇಕು; ಬೆಳಗಿನ ಮಾತ್ರೆಯಿದ್ದರೆ ಅದು ರಕ್ತ ಕೊಟ್ಟ ನಂತರ. ಲಿಥಿಯಂ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು. ಥೈರಾಯ್ಡ್ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗಳನ್ನೂ ಅಂದೇ ಮಾಡಿಸಿ, ಆ ಚೀಟಿ ಹಿಡಿದು ತಮ್ಮನೊಂದಿಗೆ ನೀವೂ ವೈದ್ಯರ ಬಳಿಗೆ ಹೋಗಿ.